ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿತು, ಆದರೂ ಕೇಬಲ್ ತಪ್ಪಾಗಿತ್ತು: ತಂತಿ ಮತ್ತು ನಿಸ್ತಂತು ಸಂಪರ್ಕದ ಟಿಪ್ಪಣಿ

ಈ ವಾರ ನಮ್ಮ ನೆಟ್‌ವರ್ಕಿಂಗ್ ಕೋರ್ಸಿನಲ್ಲಿ ತಂತಿ ಇರುವ ಮತ್ತು ತಂತಿ ಇಲ್ಲದ ಸಂಪರ್ಕಗಳ ಪಾಠ ಮುಗಿಯಿತು. ಪಾಠ ಕಷ್ಟ ಅನ್ನಿಸಲಿಲ್ಲ. ಕೇಬಲ್ ಮಾಡಲು ಕೂತಾಗ ಮಾತ್ರ ಮೂರು ದಿನ ಒಂದೇ ಕಡೆ ಸಿಕ್ಕಿಕೊಂಡೆ. ನೀವೂ ಅಲ್ಲೇ ಸಿಕ್ಕಿಕೊಳ್ಳಬಾರದು ಅಂತ, ತಲೆಯಲ್ಲಿ ಹಸಿಯಾಗಿ ಇರುವಾಗಲೇ ಬರೆದಿಡುತ್ತಿದ್ದೇನೆ. ಹಾಗಾಗಿ ಕೇಬಲ್ ಭಾಗ ಉದ್ದ ಇದೆ, ಉಳಿದದ್ದು ಚಿಕ್ಕದು.

ಮೊದಲು ಒಳದಾರಿ, ಹೊರದಾರಿ

"ವೈ-ಫೈ ಬರ್ತಿಲ್ಲ" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತೇವೆ. ಈ ಮಾತಿನೊಳಗೆ ಎರಡು ದಾರಿಗಳಿವೆ. ಫೋನಿನಿಂದ ರೂಟರ್‌ವರೆಗಿನದು ಒಳದಾರಿ. ರೂಟರ್‌ನಿಂದ ಇಂಟರ್ನೆಟ್‌ವರೆಗಿನದು ಹೊರದಾರಿ. ವೈ-ಫೈ ಅನ್ನುವುದು ಒಳದಾರಿಯ ಹೆಸರು ಮಾತ್ರ. ಎತರ್ನೆಟ್ ಕೇಬಲ್ ಹಾಕಿದರೆ ಅದೂ ಒಳದಾರಿಯೇ. ಫೈಬರ್, ಫೋನ್ ಲೈನ್, ಮೊಬೈಲ್ ಟವರ್, ಉಪಗ್ರಹ ಇವೆಲ್ಲ ಹೊರದಾರಿಗಳು.

ಯಾವುದು ಕೆಟ್ಟಿದೆ ಅಂತ ತಿಳಿಯಲು ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹೊಡೆದು ನೋಡಿ. ಬಹಳಷ್ಟು ರೂಟರ್‌ಗಳಲ್ಲಿ ಅದು 192.168.1.1. ರೂಟರ್‌ನ ಪುಟ ತೆರೆದುಕೊಂಡರೆ ಒಳದಾರಿ ಸರಿಯಿದೆ, ತೊಂದರೆ ಆಚೆ ಇದೆ.

ಇನ್ನೊಂದು ವಿಷಯ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಮೆಗಾಬಿಟ್. ಡೌನ್‌ಲೋಡ್ ಕಿಟಕಿಯಲ್ಲಿ ಕಾಣುವುದು ಮೆಗಾಬೈಟ್. 8 ಬಿಟ್‌ಗೆ 1 ಬೈಟ್. ಹಾಗಾಗಿ ಅಲ್ಲಿ ಹೆಚ್ಚೆಂದರೆ 12.5 ಕಾಣುತ್ತದೆ, ಅದು ಸರಿಯಾದ ಲೆಕ್ಕವೇ.

ಕೇಬಲ್: ನಾನು ಎಡವಿದ ಜಾಗ

ಎತರ್ನೆಟ್ ಶುರುವಾಗಿದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಎಂಬ ಸಂಶೋಧನಾ ಕೇಂದ್ರದಲ್ಲಿ. ರಾಬರ್ಟ್ ಮೆಟ್ಕಾಫ್ ಮತ್ತು ಜೊತೆಗಾರರ ಕೆಲಸ ಅದು. ಆಗ ಒಂದೇ ಕೋಆಕ್ಸಿಯಲ್ ಕೇಬಲ್ (ಟಿವಿ ಕೇಬಲ್‌ನಂಥದ್ದು) ಎಲ್ಲ ಯಂತ್ರಗಳ ಪಕ್ಕದಲ್ಲೂ ಹಾದುಹೋಗುತ್ತಿತ್ತು. ಫೋನ್ ತಂತಿಯ ಥರ ಹೊಸೆದ ಜೋಡಿ ತಂತಿಯ ಮೇಲೆ 10 ಎಂಬಿಪಿಎಸ್ ಓಡಿಸುವ ಮಾನದಂಡ ಬಂದದ್ದು 1990ರಲ್ಲಿ. "ಫೋನ್ ತಂತಿಯ ಥರ" ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸಿಗುವ ಕೇಬಲ್‌ನ ಮೇಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ತಂತಿ. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಒಂದು ಬಿಳಿ ಪಟ್ಟೆಯ ಸಂಗಾತಿ. ಒಂದೊಂದು ಜೋಡಿಯನ್ನೂ ಬತ್ತಿ ಹೊಸೆದ ಹಾಗೆ ಹೊಸೆದಿರುತ್ತಾರೆ. ಗಮನವಿಟ್ಟು ನೋಡಿದರೆ ನಾಲ್ಕು ಜೋಡಿಗಳ ಹೊಸೆತ ಒಂದೇ ಸಮ ಇಲ್ಲ. ಒಂದು ಬಿಗಿ, ಇನ್ನೊಂದು ಸ್ವಲ್ಪ ಸಡಿಲ. ಅದು ತಯಾರಿಕೆಯ ದೋಷ ಅಲ್ಲ. ಒಂದು ಜೋಡಿಯ ಸದ್ದು ಪಕ್ಕದ ಜೋಡಿಗೆ ಸೋರಬಾರದು ಅಂತ ಬೇಕೆಂದೇ ಹಾಗೆ ಮಾಡುತ್ತಾರೆ.

ನಾನು ಮಾಡಿದ್ದು ಹೀಗೆ. ಕೆಳಗಿನ ಹಾಲ್‌ನಲ್ಲಿರುವ ರೂಟರ್‌ನಿಂದ ಮಹಡಿ ಕೋಣೆಗೆ 30 ಮೀಟರ್ ಕೇಬಲ್ ಎಳೆದೆ. ಎರಡೂ ತುದಿಗೆ ಆರ್‌ಜೆ45 ಕನೆಕ್ಟರ್ (ಎಂಟು ಪಿನ್‌ನ ಪ್ಲಗ್) ಕ್ರಿಂಪ್ ಮಾಡಿದೆ, ಅಂದರೆ ಇಕ್ಕಳದಿಂದ ಒತ್ತಿ ಕೂರಿಸಿದೆ. ಬಣ್ಣಗಳನ್ನು ಮನಸ್ಸಿಗೆ ಸರಿ ಕಂಡ ಹಾಗೆ ಜೋಡಿ ಜೋಡಿಯಾಗಿ ಇಟ್ಟೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಕ್ರಮ. ಕೇಬಲ್ ಪರೀಕ್ಷಿಸುವ ಟೆಸ್ಟರ್‌ಗೆ ಸಿಕ್ಕಿಸಿದೆ. 1ರಿಂದ 8ರವರೆಗೆ ದೀಪಗಳು ಸಾಲಾಗಿ ಹತ್ತಿದವು. ಖುಷಿಯಾಯಿತು.

ಕಂಪ್ಯೂಟರ್‌ಗೆ ಹಾಕಿದರೆ ಲಿಂಕ್ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಕೆಲವು ಸಲ 10 ಎಂಬಿಪಿಎಸ್‌ಗೆ ಇಳಿದು ಕೂರುತ್ತದೆ. ಕನೆಕ್ಟರ್ ಎರಡು ಸಲ ಕತ್ತರಿಸಿ ಹೊಸದು ಹಾಕಿದೆ. ಅದೇ ಕ್ರಮದಲ್ಲಿ ಮಾಡಿದ 1 ಮೀಟರ್ ಕೇಬಲ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಿತ್ತು! ಇದೇ ನನ್ನನ್ನು ಜಾಸ್ತಿ ಗೊಂದಲಕ್ಕೆ ತಳ್ಳಿದ್ದು. ನಾಲ್ಕನೇ ದಿನ ಆ ತುದಿಯನ್ನು ನಮ್ಮ ಸರ್‌ಗೆ ತೋರಿಸಿದೆ. ಅವರು ಕನೆಕ್ಟರನ್ನು ಬೆಳಕಿಗೆ ಹಿಡಿದು ಒಂದೇ ಮಾತು ಹೇಳಿದರು. "ತಂತಿ ತಲುಪಿದೆಯಾ ಅಂತ ನೋಡಿದ್ದೀಯ. ಯಾರ ಜೊತೆ ತಲುಪಿದೆ ಅಂತ ನೋಡಿಲ್ಲ."

ಈ ಮಾತು ಅರ್ಥವಾಗಲು ಹೊಸೆಯುವುದು ಯಾಕೆ ಅಂತ ತಿಳಿಯಬೇಕು. ಇಲ್ಲಿ ನಿಧಾನವಾಗಿ ಹೋಗೋಣ.

ಒಂದು ಜೋಡಿಯ ಎರಡು ತಂತಿಯಲ್ಲೂ ಒಂದೇ ಸಿಗ್ನಲ್ ಹೋಗುತ್ತದೆ, ಆದರೆ ಉಲ್ಟಾ. ಒಂದರಲ್ಲಿ +1 ವೋಲ್ಟ್ ಇದ್ದರೆ ಇನ್ನೊಂದರಲ್ಲಿ −1 ವೋಲ್ಟ್ ಅಂದುಕೊಳ್ಳಿ. ಆ ಕಡೆ ಸಿಗ್ನಲ್ ಹಿಡಿಯುವವನು ಎರಡರ ವ್ಯತ್ಯಾಸವನ್ನು ಮಾತ್ರ ನೋಡುತ್ತಾನೆ. 1 ಮೈನಸ್ (−1), ಅಂದರೆ 2.

ಈಗ ದಾರಿಯಲ್ಲಿ ಎಲ್ಲಿಂದಲೋ 0.5 ವೋಲ್ಟ್ ಗದ್ದಲ ಬಂದು ಸೇರಿತು. ಹೊಸೆದ ಜೋಡಿಯಲ್ಲಿ ಎರಡೂ ತಂತಿ ಸರದಿಯ ಮೇಲೆ ಗದ್ದಲದ ಹತ್ತಿರ ಬರುತ್ತವೆ. ಹಾಗಾಗಿ ಎರಡಕ್ಕೂ ಸಮ ಪಾಲು. ಒಂದು 1.5 ಆಗುತ್ತದೆ, ಇನ್ನೊಂದು −0.5. ವ್ಯತ್ಯಾಸ ಎಷ್ಟು? ಆಗಲೂ 2. ಗದ್ದಲ ತಾನಾಗೇ ಕಳೆದುಹೋಯಿತು. ಈ ಲೆಕ್ಕವನ್ನು ಒಮ್ಮೆ ಕೈಯಿಂದ ಬರೆದು ನೋಡಿ, ನನಗೆ ಬರೆದಾಗಲೇ ತಲೆಗೆ ಹೋಗಿದ್ದು.

ತಂತಿಗಳು ಬೇರೆ ಬೇರೆ ಜೋಡಿಯಿಂದ ಬಂದಿದ್ದರೆ ಸಮ ಪಾಲು ಸಿಗುವುದಿಲ್ಲ. ಒಂದಕ್ಕೆ 0.5 ಬಿತ್ತು, ಇನ್ನೊಂದಕ್ಕೆ 0.1 ಬಿತ್ತು ಅನ್ನಿ. 1.5 ಮತ್ತು −0.9. ವ್ಯತ್ಯಾಸ 2.4. ಗದ್ದಲ ಸಿಗ್ನಲ್ ಒಳಗೆ ನುಗ್ಗಿಬಿಟ್ಟಿತು.

ಈಗ ನನ್ನ ತಪ್ಪಿಗೆ ಬನ್ನಿ. ಎತರ್ನೆಟ್ ಪಿನ್‌ಗಳನ್ನು 1-2, 3-4, 5-6, 7-8 ಅಂತ ಜೋಡಿ ಮಾಡುವುದಿಲ್ಲ. 1-2, 3-6, 4-5, 7-8 ಅಂತ ಮಾಡುತ್ತದೆ. ನಾನು ಇಟ್ಟ ಕ್ರಮದಲ್ಲಿ 3ನೇ ಪಿನ್‌ಗೆ ಬಿಳಿ-ಹಸಿರು, 6ನೇ ಪಿನ್‌ಗೆ ನೀಲಿ ಹೋಗಿತ್ತು. ಅವೆರಡೂ ಒಟ್ಟಿಗೆ ಹೊಸೆದವಲ್ಲ. 4 ಮತ್ತು 5ಕ್ಕೆ ಹೋದದ್ದು ಹಸಿರು ಮತ್ತು ಬಿಳಿ-ನೀಲಿ, ಅವೂ ಒಂದೇ ಜೋಡಿಯವಲ್ಲ. ಇನ್ನೂ ಕೆಟ್ಟದ್ದೇನೆಂದರೆ, 3-6ರ ಸಿಗ್ನಲ್ ಹೊತ್ತ ಬಿಳಿ-ಹಸಿರು ತಂತಿ, 4-5ರ ಸಿಗ್ನಲ್ ಹೊತ್ತ ಹಸಿರು ತಂತಿಯನ್ನು 30 ಮೀಟರ್ ಉದ್ದಕ್ಕೂ ಸುತ್ತಿಕೊಂಡಿದೆ. ಒಂದರ ಮಾತು ಇನ್ನೊಂದಕ್ಕೆ ಸೋರದೆ ಇರುತ್ತದಾ? ಇದಕ್ಕೆ ಸ್ಪ್ಲಿಟ್ ಪೇರ್ ಅನ್ನುತ್ತಾರೆ, ಒಡೆದ ಜೋಡಿ. 1 ಮೀಟರ್‌ನಲ್ಲಿ ಸೋರಿಕೆ ಕಡಿಮೆ, ಸಿಗ್ನಲ್ ಗಟ್ಟಿ, ಆದ್ದರಿಂದ ನಡೆಯಿತು. 30 ಮೀಟರ್‌ನಲ್ಲಿ ಸಿಗ್ನಲ್ ಸೊರಗಿತು, ಸೋರಿಕೆ ಹೆಚ್ಚಿತು.

ನಮ್ಮ ದೀಪದ ಟೆಸ್ಟರ್ ಪಾಪ ಒಂದನ್ನೇ ನೋಡುತ್ತದೆ. ಈ ತುದಿಯ 3 ಆ ತುದಿಯ 3ಕ್ಕೆ ತಲುಪಿತಾ? ತಲುಪಿದೆ, ದೀಪ ಹತ್ತುತ್ತದೆ. ಜೋಡಿ ಒಡೆದದ್ದು ಅದಕ್ಕೆ ಕಾಣುವುದೇ ಇಲ್ಲ.

3-6 ಯಾಕೆ ಹೀಗೆ ಅಗಲವಾಗಿ ಕೂತಿದೆ ಅಂತ ಕೇಳುತ್ತೀರಿ ಅಲ್ವಾ? ಉತ್ತರ ಫೋನ್ ತಂತಿಯಲ್ಲಿದೆ. ಫೋನ್ ಲೈನು ಪ್ಲಗ್‌ನ ನಟ್ಟನಡುವಿನ ಎರಡು ಪಿನ್ ಬಳಸುತ್ತದೆ. ಎಂಟು ಪಿನ್‌ನಲ್ಲಿ ಅದು 4-5. ಒಂದೇ ಕೇಬಲ್‌ನಲ್ಲಿ ಫೋನ್‌ಗೂ ಜಾಗ ಇರಲಿ ಅಂತ 4-5 ಬಿಟ್ಟು, ಎತರ್ನೆಟ್ 1-2 ಮತ್ತು 3-6 ತೆಗೆದುಕೊಂಡಿತು.

ಸರಿಯಾದ ಕ್ರಮ ಇದು, ಟಿ568ಬಿ ಅನ್ನುವ ಮಾನದಂಡದ್ದು. ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್ ಮೇಲೆ, ತಂತಿ ತೂರಿಸುವ ಬಾಯಿ ನಿಮ್ಮ ಕಡೆ. ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ನೆನಪಿಗೆ ನಾನು ಎರಡು ಮಾತು ಕಟ್ಟಿಕೊಂಡಿದ್ದೇನೆ. ಒಂದು, "ಹಸಿರು ತೋಟದ ನಡುವೆ ನೀಲಿ ಕೊಳ". ಎರಡು, "ಬೆಸದಲ್ಲೆಲ್ಲ ಬಿಳಿ". 1, 3, 5, 7 ನೋಡಿ, ಎಲ್ಲ ಬಿಳಿ ಪಟ್ಟೆಯವೇ. ಈ ಎರಡು ಮಾತು, ಜೊತೆಗೆ "ಕಿತ್ತಳೆ ಮೊದಲು, ಕಂದು ಕೊನೆ" ಗೊತ್ತಿದ್ದರೆ ಪುಸ್ತಕ ತೆರೆಯದೆ ಬರೆಯಬಹುದು. ಟಿ568ಎ ಅನ್ನುವ ಇನ್ನೊಂದು ಕ್ರಮ ಬೇಕಾದರೆ ಕಿತ್ತಳೆ ಮತ್ತು ಹಸಿರನ್ನು ಅದಲುಬದಲು ಮಾಡಿ, ಅಷ್ಟೇ.

ಕ್ರಿಂಪ್ ಮಾಡುವಾಗ ಹೊಸೆತವನ್ನು ಜಾಸ್ತಿ ಬಿಚ್ಚಬೇಡಿ. 13 ಮಿಲಿಮೀಟರ್ ಒಳಗೇ ಇರಲಿ. ಅರ್ಧ ಇಂಚು. ನಾನು ಮೊದಲು ಎರಡು ಇಂಚು ಬಿಚ್ಚುತ್ತಿದ್ದೆ, ಬೆರಳಿಗೆ ಸುಲಭ ಅಂತ. ಉದ್ದ ಬಿಚ್ಚಿ ನೇರ ಮಾಡಿಕೊಂಡು, ಕ್ರಮಕ್ಕೆ ಹಿಡಿದು, ಆಮೇಲೆ ಕತ್ತರಿಸಿ ಗಿಡ್ಡ ಮಾಡುವುದು ಸರಿ. ಸಿಪ್ಪೆಯೂ ಕನೆಕ್ಟರ್ ಒಳಗೆ ಸೇರಿ ಕಚ್ಚಿಕೊಳ್ಳಬೇಕು.

ಇನ್ನು 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. 1999ರಲ್ಲಿ ಬಂದ ತಾಮ್ರದ ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಜೋಡಿ ಬೇಕು. ಹಾಗಾಗಿ ನೀಲಿ ಅಥವಾ ಕಂದು ಜೋಡಿಯಲ್ಲಿ ಒಂದು ತಂತಿ ತುಂಡಾದರೆ ಲಿಂಕ್ ಸಾಮಾನ್ಯವಾಗಿ 1000ದಿಂದ 100ಕ್ಕೆ ಇಳಿಯುತ್ತದೆ. ಕೆಲವು ಯಂತ್ರಗಳಲ್ಲಿ ಬರುವುದೇ ಇಲ್ಲ. ಗಿಗಾಬಿಟ್ ಪೋರ್ಟ್ 100 ಅಂತ ತೋರಿಸಿದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಕೇಬಲ್ ಕ್ಯಾಟ್5ಇ ದರ್ಜೆಯದಾಗಲಿ ಕ್ಯಾಟ್6 ದರ್ಜೆಯದಾಗಲಿ, ಗಿಗಾಬಿಟ್‌ಗೆ ಮಿತಿ 100 ಮೀಟರ್. ಕ್ಯಾಟ್6ರಲ್ಲಿ 10 ಗಿಗಾಬಿಟ್ ಬೇಕಾದರೆ 55 ಮೀಟರ್ ಒಳಗೆ ಇರಬೇಕು.

ವೈ-ಫೈ

ಕೇಬಲ್‌ನಲ್ಲಿ ಕಳಿಸುವುದಕ್ಕೂ ಪಡೆಯುವುದಕ್ಕೂ ಒಟ್ಟಿಗೆ ದಾರಿ ಇದೆ. ಗಾಳಿಯಲ್ಲಿ ಹಾಗಿಲ್ಲ. ಒಂದು ಚಾನೆಲ್‌ನಲ್ಲಿ, ಅಂದರೆ ಒಂದು ಆವರ್ತನ ಪಟ್ಟಿಯಲ್ಲಿ, ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಪ್ರತಿ ಸಾಧನ ಮೊದಲು ಕಿವಿಗೊಡುತ್ತದೆ, ಯಾರೂ ಮಾತಾಡುತ್ತಿಲ್ಲ ಅಂದರೆ ಸ್ವಲ್ಪ ಕಾದು ಕಳಿಸುತ್ತದೆ, ಆಮೇಲೆ "ತಲುಪಿತು" ಅನ್ನುವ ಉತ್ತರಕ್ಕೆ ಕಾಯುತ್ತದೆ. ಆದ್ದರಿಂದ ಫೋನ್ 300 ಎಂಬಿಪಿಎಸ್ ಲಿಂಕ್ ಅಂತ ತೋರಿಸಿದರೂ ಫೈಲ್ ಅಷ್ಟು ವೇಗದಲ್ಲಿ ಬರುವುದಿಲ್ಲ.

ವೈ-ಫೈ ಬಳಸುವ 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ನೇ ಚಾನೆಲ್ ಅಂತಲೇ ಯಾಕೆ ಹೇಳುತ್ತಾರೆ? 1ನೇ ಚಾನೆಲ್‌ನ ನಡುಬಿಂದು 2412 ಮೆಗಾಹರ್ಟ್ಸ್. ಒಂದೊಂದು ಚಾನೆಲ್‌ಗೂ 5 ಕೂಡುತ್ತಾ ಹೋಗಿ. ಆದರೆ ಒಂದು ಸಿಗ್ನಲ್‌ನ ಅಗಲ ಸುಮಾರು 20. ಅಂದರೆ 1 ಮತ್ತು 2 ಒಂದರ ಮೇಲೊಂದು ಬೀಳುತ್ತವೆ. 5 ಚಾನೆಲ್ ದೂರ ಹೋದರೆ 25 ಅಂತರ ಸಿಗುತ್ತದೆ. ಅದಕ್ಕೇ 1, 6, 11.

ನನಗೆ ಹೊಸದಾಗಿ ತಿಳಿದದ್ದು ಇದು: ಪಕ್ಕದ ಮನೆಯವರು 6ರಲ್ಲಿದ್ದರೆ ನಾವು 4ಕ್ಕೆ ಹೋಗುವುದಕ್ಕಿಂತ ಅದೇ 6ರಲ್ಲಿ ಇರುವುದೇ ವಾಸಿ. ಒಂದೇ ಚಾನೆಲ್ ಆದರೆ ಎರಡೂ ರೂಟರ್‌ಗೆ ಪರಸ್ಪರ ಮಾತು ಅರ್ಥವಾಗುತ್ತದೆ, ಸರದಿ ಕಾಯುತ್ತವೆ. ಅರ್ಧಂಬರ್ಧ ಮೇಲೆ ಬಿದ್ದರೆ ಒಬ್ಬರದು ಇನ್ನೊಬ್ಬರಿಗೆ ಬರೀ ಗದ್ದಲ. ಒಡೆದ ಜೋಡಿಯ ಕಥೆಯೇ ಮತ್ತೆ ನೆನಪಾಯಿತು.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಡಿಮೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಇಡಬೇಡಿ. ಸಿಗ್ನಲ್ ಶಕ್ತಿಯನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ, ಅದು ಮೈನಸ್ ಸಂಖ್ಯೆ, −50 ಅಂದರೆ −80ಕ್ಕಿಂತ ಒಳ್ಳೆಯದು. ಪ್ರತಿ 10ಕ್ಕೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. 30 ವ್ಯತ್ಯಾಸ ಅಂದರೆ ಸಾವಿರ ಪಟ್ಟು.

ಬ್ಲೂಟೂತ್, ಎನ್‌ಎಫ್‌ಸಿ

ಬ್ಲೂಟೂತ್ ಕೂಡ 2.4ರಲ್ಲೇ ಇದೆ. ಹಳೆಯ ಮಾದರಿಯ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ, ಆದ್ದರಿಂದ ಗದ್ದಲದಲ್ಲೂ ಬದುಕುತ್ತದೆ. ಎನ್‌ಎಫ್‌ಸಿ, ಅಂದರೆ ತಾಗಿಸಿ ಹಣ ಕೊಡುವ ಕಾರ್ಡಿನ ತಂತ್ರ, 13.56 ಮೆಗಾಹರ್ಟ್ಸ್, ಕೆಲವೇ ಸೆಂಟಿಮೀಟರ್ ದೂರ. ಯಂತ್ರಕ್ಕೆ ತಾಗಿಸುವ ಕಾರ್ಡಿಗೆ ಬ್ಯಾಟರಿ ಇಲ್ಲ, ಯಂತ್ರವೇ ಅದಕ್ಕೆ ಶಕ್ತಿ ಕೊಡುತ್ತದೆ.

ಹೊರದಾರಿಗಳು

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ. ಆಗ ಡಯಲ್-ಅಪ್, ಫೋನ್ ಲೈನಿನ ಮೇಲೆ. ಆಮೇಲೆ ಎಡಿಎಸ್‌ಎಲ್ ಬಂತು. ಅದೇ ತಾಮ್ರದಲ್ಲಿ ಮಾತು ಕೆಳಗಿನ ಆವರ್ತನದಲ್ಲಿ, ಡೇಟಾ ಮೇಲಿನ ಆವರ್ತನದಲ್ಲಿ.

ಈಗ ಮನೆಗೆ ಬರುವುದು ಫೈಬರ್. ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದೇ ಗಾಜಿನ ಎಳೆಯಲ್ಲಿ ಎರಡು ದಿಕ್ಕಿಗೂ ಬೆಳಕು ಓಡುತ್ತದೆ. ಮನೆ ಕಡೆಗೆ 1490 ನ್ಯಾನೋಮೀಟರ್, ಮನೆಯಿಂದ 1310. ತರಂಗಾಂತರ ಬೇರೆ ಆದ್ದರಿಂದ ಬೆರೆಯುವುದಿಲ್ಲ. ದಾರಿಯಲ್ಲಿ ಕರೆಂಟೇ ಬೇಡದ ಸ್ಪ್ಲಿಟರ್ ಆ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚುತ್ತದೆ. ಕೆಳಕ್ಕೆ ಬರುವ 2.5 ಗಿಗಾಬಿಟ್ ಎಲ್ಲರಿಗೂ ಸೇರಿ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ. ಎಳೆ ಎಲ್ಲಾದರೂ ಚೂಪಾಗಿ ಮಡಚಿದೆಯಾ ಮೊದಲು ನೋಡಿ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು.

ಮೊಬೈಲ್ ಬಗ್ಗೆ ಒಂದೇ ಮಾತು. ಟವರ್‌ನಿಂದ ಫೋನಿಗೆ ಗಾಳಿ, ಆದರೆ ಟವರ್‌ನ ಹಿಂದೆ ಎಷ್ಟೋ ಕಡೆ ಮತ್ತೆ ಫೈಬರ್. ನಮ್ಮಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ರಂದು.

ಕೊನೆಗೆ ಉಪಗ್ರಹ. ಭೂಸ್ಥಿರ ಉಪಗ್ರಹ (ನೆಲದಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವುದು) 35,786 ಕಿಲೋಮೀಟರ್ ಎತ್ತರದಲ್ಲಿದೆ. ಪರೀಕ್ಷೆಯಲ್ಲಿ ವಿಳಂಬ ಕೇಳಿದಾಗ ನಾವು ಹಲವರು ಎರಡು ಸಲದ ದೂರ ಹಾಕಿ ಅಂಕ ಕಳೆದುಕೊಂಡೆವು. ನಮ್ಮ ಪ್ರಶ್ನೆ ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಮೇಲೆ ಹೋಗಿ ಕೆಳಗೆ ಬರಬೇಕು. ಒಟ್ಟು ನಾಲ್ಕು ಸಲ, 1,43,144 ಕಿಲೋಮೀಟರ್. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಸುಮಾರು 0.48 ಸೆಕೆಂಡ್. ಅದೇ 550 ಕಿಲೋಮೀಟರ್ ಎತ್ತರದ ಉಪಗ್ರಹವಾದರೆ 2,200 ಕಿಲೋಮೀಟರ್, 0.0073 ಸೆಕೆಂಡ್. ಉಪಗ್ರಹ ನೇರ ತಲೆಯ ಮೇಲಿದ್ದಾಗಿನ ಲೆಕ್ಕ ಇದು. ಓರೆಯಾಗಿದ್ದರೆ ದೂರ ಇನ್ನೂ ಸ್ವಲ್ಪ ಹೆಚ್ಚುತ್ತದೆ.