ಬೇರೆ ರಾಜ್ಯದ ಸಬ್‌ಪೀನಾಗೆ ಕಂಪನಿ ಜಗ್ಗದಿದ್ದರೆ ಏನು ದಾರಿ?

ಪ್ರಶ್ನೆ: ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇದ್ದೇನೆ. ನನ್ನ ವಿಚ್ಛೇದನದ ಕೇಸು ಇಲ್ಲಿನ ಮಿಡ್ಲ್‌ಸೆಕ್ಸ್ ಕೌಂಟಿ ಕೋರ್ಟ್‌ನಲ್ಲಿ ನಡೆಯುತ್ತಿದೆ. ಗಂಡ ಕೆಲಸ ಬದಲಾಯಿಸಿ ಕ್ಯಾಲಿಫೋರ್ನಿಯಾಗೆ ಹೋಗಿದ್ದಾರೆ. ಸಂಬಳದ ಜೊತೆ ಅವರಿಗೆ ಕಂಪನಿ ಷೇರು ಬರುತ್ತದೆ. ಎಷ್ಟು, ಯಾವಾಗ ಅಂತ ಬಾಯಿ ಬಿಡುತ್ತಿಲ್ಲ. ನನ್ನ ವಕೀಲರು ಕಂಪನಿಗೆ ಸಬ್‌ಪೀನಾ, ಅಂದರೆ ದಾಖಲೆ ಕೊಡಿ ಅಥವಾ ಸಾಕ್ಷಿ ಹೇಳಿ ಅನ್ನುವ ಕೋರ್ಟಿನ ಅಪ್ಪಣೆ, ಕಳಿಸಿದರು. ‘ನಾವು ಕ್ಯಾಲಿಫೋರ್ನಿಯಾದವರು, ಇದು ನಮಗೆ ಅನ್ವಯಿಸುವುದಿಲ್ಲ’ ಅಂತ ಉತ್ತರ ಬಂತು. ಕೋರ್ಟಿನ ಕಾಗದಕ್ಕೂ ಬೆಲೆ ಇಲ್ಲವಾ? ಕೇಸನ್ನೇ ಅಲ್ಲಿಗೆ ಒಯ್ಯಬೇಕಾ?

ಉತ್ತರ: ಕೇಸು ಎಲ್ಲಿಗೂ ಹೋಗಬೇಕಾಗಿಲ್ಲ. ಸಬ್‌ಪೀನಾ ಮಾತ್ರ ಕ್ಯಾಲಿಫೋರ್ನಿಯಾಗೆ ಹೋಗಿ, ಅಲ್ಲಿನ ಕೋರ್ಟಿನ ಹೆಸರಿನಲ್ಲಿ ಹೊಸದಾಗಿ ಹೊರಡಬೇಕು. ಆಮೇಲೆ ‘ಅನ್ವಯಿಸುವುದಿಲ್ಲ’ ಅನ್ನುವ ಉತ್ತರ ನಿಲ್ಲುವುದಿಲ್ಲ. ನಿಮ್ಮ ಕೈಲಿರುವ ಕಾಗದಕ್ಕೆ ಬೆಲೆ ಇದೆ. ಆದರೆ ಕೇಸಿಗೆ ಸೇರದ ಹೊರಗಿನವರ ವಿಷಯದಲ್ಲಿ ಆ ಬೆಲೆ ನ್ಯೂಜೆರ್ಸಿಯ ಗಡಿಯವರೆಗೆ ಮಾತ್ರ. ಈ ಒಂದು ವಿಷಯದಲ್ಲಿ ಕಂಪನಿ ಹೇಳಿದ್ದು ಸರಿ.

ಊರಿನ ಅಭ್ಯಾಸದಲ್ಲಿ ನೋಡಿದರೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಭಾರತದಲ್ಲಿ ಸಿವಿಲ್ ಕೇಸು ನಡೆಸುವ ಸಂಹಿತೆ ಒಂದೇ. ಧಾರವಾಡದ ಕೋರ್ಟ್ ಹೊರಡಿಸಿದ ಸಮನ್ಸನ್ನು ಪುಣೆಯ ಕೋರ್ಟ್ ಅಲ್ಲಿನ ಸಾಕ್ಷಿಗೆ ಮುಟ್ಟಿಸುತ್ತದೆ. ದೂರದ ಲೆಕ್ಕ ಒಂದಿದೆ: ಸಾಕ್ಷಿ 100 ಕಿಲೋಮೀಟರ್‌ಗಿಂತ ಆಚೆ, ರೈಲು ಬಸ್ಸಿನ ಸೌಕರ್ಯ ಇದ್ದರೆ 500 ಕಿಲೋಮೀಟರ್‌ಗಿಂತ ಆಚೆ ಇದ್ದರೆ, ಖುದ್ದಾಗಿ ಬರಲೇಬೇಕು ಅಂತ ಸಾಮಾನ್ಯವಾಗಿ ಹೇಳುವಂತಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯವೂ ತನ್ನದೇ ಕಾನೂನು, ತನ್ನದೇ ಕೋರ್ಟು ಇಟ್ಟುಕೊಂಡಿದೆ. ನ್ಯೂಜೆರ್ಸಿಯ ಜಡ್ಜ್ ಕ್ಯಾಲಿಫೋರ್ನಿಯಾದಲ್ಲಿ ಕೂತ ಮೂರನೆಯವರಿಗೆ ಅಪ್ಪಣೆ ಮಾಡಲಾಗದು.

‘ಆ ಕಂಪನಿಗೆ ನ್ಯೂಜೆರ್ಸಿಯಲ್ಲೂ ಆಫೀಸಿದೆ, ಅಲ್ಲಿಗೇ ಕೊಟ್ಟರೆ ಆಗಲ್ವಾ?’ ಅಂತ ಜಾಸ್ತಿ ಜನ ಕೇಳುತ್ತಾರೆ. ಇದಕ್ಕೆ ವರ್ಜೀನಿಯಾದ ಒಂದು ಕೇಸನ್ನು ನೋಡುವುದು ಒಳ್ಳೆಯದು. ಹದೀದ್ ಅನ್ನುವ ಕಾರ್ಪೆಟ್ ತೊಳೆಯುವ ಕಂಪನಿಯ ಬಗ್ಗೆ ಯೆಲ್ಪ್ ಅನ್ನುವ ವಿಮರ್ಶೆಯ ಜಾಲತಾಣದಲ್ಲಿ ಕೆಲವರು ಹೆಸರು ಹೇಳದೆ ಕೆಟ್ಟ ವಿಮರ್ಶೆ ಬರೆದಿದ್ದರು. ಇವರು ನಮ್ಮ ಗಿರಾಕಿಗಳೇ ಅಲ್ಲ ಅನ್ನುವುದು ಹದೀದ್‌ನ ವಾದ. ಬರೆದವರು ಯಾರು ಅಂತ ತಿಳಿಯಲು ಯೆಲ್ಪ್‌ಗೆ ಸಬ್‌ಪೀನಾ ಹೋಯಿತು. ಯೆಲ್ಪ್ ಇರುವುದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಆದರೆ ಅದು ವರ್ಜೀನಿಯಾದಲ್ಲಿ ನೋಂದಣಿ ಮಾಡಿಸಿತ್ತು, ಕೋರ್ಟಿನ ಕಾಗದ ತೆಗೆದುಕೊಳ್ಳಲು ಅಲ್ಲೊಬ್ಬ ಏಜೆಂಟನ್ನೂ ಇಟ್ಟಿತ್ತು. ಸಬ್‌ಪೀನಾ ಆ ಏಜೆಂಟ್ ಕೈಗೇ ಸೇರಿತು. ಯೆಲ್ಪ್ ದಾಖಲೆ ಕೊಡಲಿಲ್ಲ. ಕೆಳಗಿನ ಕೋರ್ಟ್ ನ್ಯಾಯಾಂಗ ನಿಂದನೆ ಅಂತ ದಂಡ ಹಾಕಿತು. 2015ರ ಏಪ್ರಿಲ್‌ನಲ್ಲಿ ವರ್ಜೀನಿಯಾದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನೋಂದಣಿ ಇದ್ದ ಮಾತ್ರಕ್ಕೆ ಬೇರೆ ರಾಜ್ಯದಲ್ಲಿರುವ ದಾಖಲೆಯನ್ನು ಹೊರಗಿನವರಿಂದ ತರಿಸುವ ಅಧಿಕಾರ ನಮ್ಮ ಕೋರ್ಟುಗಳಿಗಿಲ್ಲ, ದಾಖಲೆ ಬೇಕಿದ್ದರೆ ಕ್ಯಾಲಿಫೋರ್ನಿಯಾದ ಕ್ರಮದಲ್ಲಿ ಕೇಳಬಹುದು ಅನ್ನುವುದು ಅದರ ತೀರ್ಪು. ವರ್ಷಗಟ್ಟಲೆ ಹೊಡೆದಾಡಿ ಮೊದಲ ಮೆಟ್ಟಿಲಿಗೇ ಬಂದು ನಿಂತಂತಾಯಿತು. ಈ ತೀರ್ಪಿಗೆ ನ್ಯೂಜೆರ್ಸಿಯ ಕೋರ್ಟ್ ಕಟ್ಟುಬಿದ್ದಿಲ್ಲ, ನಿಜ. ಆದರೂ ನಿಮ್ಮ ವಕೀಲರು ಅದೇ ದಾರಿ ಹಿಡಿದು ತಿಂಗಳುಗಟ್ಟಲೆ ಕಳೆಯುವುದು ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ಯಾಲಿಫೋರ್ನಿಯಾದ ದಾರಿ ಹೇಳುವ ಮೊದಲು ಇನ್ನೊಂದು ಮಾತು. ಕಂಪನಿ ಹೊರಗಿನದು. ನಿಮ್ಮ ಗಂಡ ಹೊರಗಿನವರಲ್ಲ. ಅವರು ಕೇಸಿನ ಪಕ್ಷಗಾರರು. ಎಲ್ಲಿ ಮನೆ ಮಾಡಿದ್ದರೂ ಈ ಕೇಸಿನಲ್ಲಿ ನ್ಯೂಜೆರ್ಸಿಯ ಜಡ್ಜ್ ಮಾತು ಕೇಳಲೇಬೇಕು. ಕುಟುಂಬ ಕೇಸುಗಳಲ್ಲಿ ಇಬ್ಬರೂ ಆದಾಯ, ಖರ್ಚು, ಆಸ್ತಿಯ ವಿವರ ಬರೆದು ಕೊಡುವ ಒಂದು ಫಾರ್ಮ್ ಇದೆ, ಕೇಸ್ ಇನ್ಫರ್ಮೇಷನ್ ಸ್ಟೇಟ್‌ಮೆಂಟ್ ಅಂತ. ಅದರಲ್ಲಿ ಷೇರಿನ ವಿವರ ಬಿಟ್ಟಿದ್ದರೆ ಅದೇ ಒಂದು ತಪ್ಪು. ಷೇರು ಇಟ್ಟ ಬ್ರೋಕರೇಜ್ ಖಾತೆಗೆ ಅವರು ತಾವೇ ಲಾಗಿನ್ ಆಗಬಹುದು. ಯಾವ ದಿನ ಎಷ್ಟು ಆರ್‌ಎಸ್‌ಯು (ಮುಂದೆ ಕೊಡುತ್ತೇವೆ ಅಂತ ಕಂಪನಿ ಮಾತು ಕೊಟ್ಟ ಷೇರು) ಕೊಟ್ಟರು, ಎಷ್ಟು ವೆಸ್ಟ್ ಆಗಿದೆ, ಅಂದರೆ ಪೂರ್ತಿ ಅವರದಾಗಿದೆ, ಎಷ್ಟು ಬಾಕಿ ಇದೆ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ. ಹಾಗಾಗಿ ‘ಈ ದಾಖಲೆ ತೆಗೆದು ಕೊಡಿ, ಇಲ್ಲವೇ ಕಂಪನಿಯೇ ನನಗೆ ಕೊಡಲಿ ಅಂತ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ’ ಅಂತ ಗಂಡನಿಗೆ ಆದೇಶ ಮಾಡುವಂತೆ ನಿಮ್ಮ ಜಡ್ಜ್ ಮುಂದೆ ಮೋಷನ್ (ಕೇಸಿನ ನಡುವೆ ಆದೇಶ ಕೇಳುವ ಅರ್ಜಿ) ಹಾಕಿಸಿ. ಎಷ್ಟೋ ಕೇಸುಗಳಲ್ಲಿ ಇಲ್ಲೇ ಕೆಲಸ ಮುಗಿಯುತ್ತದೆ. ಖರ್ಚೂ ಕಮ್ಮಿ.

ಆದರೆ ಅವರು ಕೊಟ್ಟ ಲೆಕ್ಕ ಪೂರ್ತಿ ಇದೆಯಾ ಅನ್ನುವ ಅನುಮಾನ ಉಳಿದರೆ ಕಂಪನಿಯ ಬಾಯಿಂದಲೇ ಕೇಳಬೇಕಾಗುತ್ತದೆ. ಆ ಅನುಮಾನ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ನೌಕರರ ಸಂಗಾತಿಯಾಗಿ ಬಂದು, ಕೆಲಸ ಮಾಡುವಂತಿಲ್ಲದೆ ವರ್ಷಗಟ್ಟಲೆ ಮನೆ ಮಕ್ಕಳನ್ನು ನೋಡಿಕೊಂಡವರಿಗೆ ಈ ಷೇರೇ ಮುಂದಿನ ಬದುಕಿನ ದೊಡ್ಡ ಆಸರೆ ಆಗಿರಬಹುದು. ಅದನ್ನು ಸರಿಯಾಗಿ ಕೇಳುವುದು ದುರಾಸೆ ಅಲ್ಲ.

ಈಗ ಕ್ಯಾಲಿಫೋರ್ನಿಯಾ. ಹಿಂದೆಲ್ಲ ಬೇರೆ ರಾಜ್ಯದಿಂದ ಸಾಕ್ಷ್ಯ ತರಿಸಬೇಕಾದರೆ ಇಲ್ಲಿನ ಕೋರ್ಟ್ ಕಮಿಷನ್ (ಸಾಕ್ಷ್ಯ ಪಡೆಯುವ ಅಧಿಕಾರ ಪತ್ರ) ಕೊಡಬೇಕು, ಅಲ್ಲಿನ ಕೋರ್ಟ್ ಅದನ್ನು ಒಪ್ಪಬೇಕು, ಹೀಗೆ ರಾಜ್ಯಕ್ಕೊಂದು ಪದ್ಧತಿ ಇತ್ತು. 2007ರಲ್ಲಿ ರಾಜ್ಯಗಳಿಗೆ ಒಂದೇ ಥರದ ಮಾದರಿ ಕಾಯ್ದೆ ಬರೆದುಕೊಡುವ ಯೂನಿಫಾರ್ಮ್ ಲಾ ಕಮಿಷನ್ ಇದಕ್ಕೊಂದು ಮಾದರಿ ತಯಾರಿಸಿತು. ಬಹುಪಾಲು ರಾಜ್ಯಗಳು ಅದನ್ನು ಒಪ್ಪಿಕೊಂಡವು. ಕ್ಯಾಲಿಫೋರ್ನಿಯಾದಲ್ಲಿ 2010ರ ಜನವರಿಯಿಂದ, ನ್ಯೂಯಾರ್ಕ್‌ನಲ್ಲಿ 2011ರ ಜನವರಿಯಿಂದ ಅದು ಜಾರಿಯಲ್ಲಿದೆ. ಟೆಕ್ಸಾಸ್ ಶಾಸನಸಭೆ ಒಪ್ಪಿದ್ದು 2023ರಲ್ಲಿ. ತಿರುಳು ಇಷ್ಟೇ: ನಿಮ್ಮ ರಾಜ್ಯದ ಸಬ್‌ಪೀನಾ ತೋರಿಸಿದರೆ, ಅಲ್ಲಿನ ಕೋರ್ಟಿನ ಕ್ಲರ್ಕ್ ಅದೇ ಒಕ್ಕಣೆಯ ಸ್ಥಳೀಯ ಸಬ್‌ಪೀನಾ ಕೊಡುತ್ತಾರೆ. ಜಡ್ಜ್ ಮುಂದೆ ಹೋಗುವುದೇ ಬೇಡ.

ಕಂಪನಿ ಮೌಂಟನ್ ವ್ಯೂ ಅಥವಾ ಸನಿವೇಲ್‌ನಲ್ಲಿದೆ ಅಂದುಕೊಳ್ಳೋಣ. ಆಗ ಸಂಬಂಧಪಟ್ಟದ್ದು ಸ್ಯಾಂಟಾ ಕ್ಲಾರಾ ಕೌಂಟಿಯ ಸುಪೀರಿಯರ್ ಕೋರ್ಟ್. ಎಸ್‌ಯುಬಿಪಿ-030 ಅನ್ನುವ ಅರ್ಜಿ ತುಂಬಬೇಕು. ಅದರ ಜೊತೆ ನ್ಯೂಜೆರ್ಸಿ ಸಬ್‌ಪೀನಾದ ಮೂಲ ಪ್ರತಿ ಅಥವಾ ನಿಜ ನಕಲು ಇಡಬೇಕು. ದಾಖಲೆ ಮಾತ್ರ ಬೇಕಿದ್ದರೆ ಎಸ್‌ಯುಬಿಪಿ-035 ಫಾರ್ಮ್ ತುಂಬಿ ಕೊಡಬೇಕು. ನಿಮ್ಮ ಕೈಗೆ ಬರುವ ಸಬ್‌ಪೀನಾ ಅದೇ. ಅದರ ಮೇಲೆ ನ್ಯೂಜೆರ್ಸಿ ಕೇಸಿನ ಹೆಸರು, ನಂಬರು ಇರಬೇಕು. ಎರಡೂ ಕಡೆಯ ವಕೀಲರ ಹೆಸರು, ವಿಳಾಸ, ಫೋನು ಬೇಕು. ವಕೀಲರಿಲ್ಲದವರಿದ್ದರೆ ಅವರ ವಿವರವೂ ಬೇಕು. ಮೂಲ ಸಬ್‌ಪೀನಾದಲ್ಲಿ ಏನು ಕೇಳಿದ್ದೀರೋ ಅದೇ ಇಲ್ಲೂ ಇರಬೇಕು. ಹೊಸದಾಗಿ ಒಂದು ಸಾಲು ಸೇರಿಸಿದರೂ ತಕರಾರಿಗೆ ದಾರಿಯಾಗುತ್ತದೆ. ಈ ಹಂತದ ಶುಲ್ಕ ಸಣ್ಣದು. ಹೀಗೆ ಸಬ್‌ಪೀನಾ ಕೇಳಿದ್ದನ್ನು ಅಲ್ಲಿನ ಕೋರ್ಟಿಗೆ ಹಾಜರಾದಂತೆ ಎಣಿಸುವುದಿಲ್ಲ ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ನಿಮ್ಮ ನ್ಯೂಜೆರ್ಸಿ ವಕೀಲರೇ ಇದನ್ನು ಮಾಡಬಹುದು.

ಇದಕ್ಕಿಂತ ಚುರುಕಾದ ದಾರಿಯೂ ಇದೆ. ಕ್ಯಾಲಿಫೋರ್ನಿಯಾದ ವಕೀಲರೊಬ್ಬರನ್ನು ಇಟ್ಟುಕೊಂಡರೆ, ಮೂಲ ಸಬ್‌ಪೀನಾ ಆಧರಿಸಿ ಅವರೇ ಅಲ್ಲಿನ ಸಬ್‌ಪೀನಾ ಹೊರಡಿಸಬಹುದು. ಕ್ಲರ್ಕ್ ಹತ್ತಿರ ಹೋಗುವ ಕೆಲಸವೇ ಇಲ್ಲ. ಕಂಪನಿ ಸುಲಭಕ್ಕೆ ಬಗ್ಗುವ ಥರ ಕಾಣದಿದ್ದರೆ ಮೊದಲಿಂದಲೇ ಹೀಗೆ ಮಾಡಿ. ಜಗಳ ಮುಂದುವರಿದರೆ ಹೇಗೂ ಅವರು ಬೇಕಾಗುತ್ತಾರೆ.

ಎಡವುವುದು ಹೆಚ್ಚಾಗಿ ಮುಂದಿನ ಹಂತದಲ್ಲಿ. ಸಬ್‌ಪೀನಾ ಅಲ್ಲಿನದಾದ ಮೇಲೆ ಅಲ್ಲಿನ ನಿಯಮವನ್ನೇ ಪಾಲಿಸಬೇಕು. ನೌಕರನ ದಾಖಲೆ ಕೇಳುವಾಗ ಆ ನೌಕರನಿಗೆ, ಅಂದರೆ ನಿಮ್ಮ ಗಂಡನಿಗೆ ಅಥವಾ ಅವರ ವಕೀಲರಿಗೆ, ಮೊದಲೇ ನೋಟಿಸ್ ಕೊಡಬೇಕು. ದಾಖಲೆ ಕೊಡಬೇಕಾದ ದಿನಕ್ಕೆ ಕನಿಷ್ಠ 10 ದಿನ ಮೊದಲು, ಕಂಪನಿಗೆ ಸಬ್‌ಪೀನಾ ಮುಟ್ಟಿಸುವುದಕ್ಕೆ ಕನಿಷ್ಠ 5 ದಿನ ಮೊದಲು. ಅಂಚೆಯಲ್ಲಿ ಕಳಿಸಿದರೆ ಇನ್ನಷ್ಟು ದಿನ ಸೇರುತ್ತದೆ. ದಾಖಲೆ ಕೊಡುವ ದಿನವನ್ನೂ ಹತ್ತಿರ ಇಡುವಂತಿಲ್ಲ: ಸಬ್‌ಪೀನಾ ಹೊರಟ ದಿನದಿಂದ 20 ದಿನ, ಕಂಪನಿಗೆ ಮುಟ್ಟಿದ ದಿನದಿಂದ 15 ದಿನ, ಇವೆರಡರಲ್ಲಿ ಯಾವುದು ತಡವೋ ಅದಾದ ಮೇಲೆ. ನೋಟಿಸ್ ಕೊಟ್ಟ ಪುರಾವೆ ಜೊತೆಗಿಲ್ಲದಿದ್ದರೆ ಕಂಪನಿ ದಾಖಲೆ ಕೊಡುವುದಿಲ್ಲ. ಕೊಡಬಾರದು ಕೂಡ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ವಿವರದ ರಕ್ಷಣೆಗೆ ರಾಜ್ಯದ ಸಂವಿಧಾನದಲ್ಲೇ ಜಾಗ ಇದೆ.

ಗಂಡ ತಡೆಯಬಹುದಾ? ಪ್ರಯತ್ನಿಸಬಹುದು. ಆದರೆ ಅವರು ಪಕ್ಷಗಾರರಾದ್ದರಿಂದ ‘ನನ್ನ ಆಕ್ಷೇಪ ಇದೆ’ ಅಂತ ಸುಮ್ನೆ ಒಂದು ಪತ್ರ ಬರೆದರೆ ಸಾಲದು. ಸಬ್‌ಪೀನಾ ರದ್ದು ಮಾಡಿ ಅಂತ ಅಲ್ಲಿನ ಕೋರ್ಟಿನಲ್ಲೇ ಕೇಳಬೇಕು.

ಮುಟ್ಟಿಸುವ ವಿಷಯ. ಇಮೇಲ್ ಮಾಡಿದರೆ, ರಿಸೆಪ್ಷನ್‌ನಲ್ಲಿ ಇಟ್ಟು ಬಂದರೆ ಆಗುವುದಿಲ್ಲ. ಕಂಪನಿಯ ಅಧಿಕಾರಿ, ದಾಖಲೆ ನೋಡಿಕೊಳ್ಳುವವರು, ಇಲ್ಲವೇ ಕಾಗದ ತೆಗೆದುಕೊಳ್ಳಲು ಕಂಪನಿ ನೇಮಿಸಿದ ಏಜೆಂಟ್ ಕೈಗೆ ಕೊಡಬೇಕು. ಏಜೆಂಟ್ ಯಾರು ಅಂತ ಕ್ಯಾಲಿಫೋರ್ನಿಯಾದ ಸೆಕ್ರೆಟರಿ ಆಫ್ ಸ್ಟೇಟ್ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಸಿಗುತ್ತದೆ. ದಾಖಲೆ ನೇರ ನಿಮಗೆ ಬರುವುದಿಲ್ಲ, ನೋಂದಾಯಿತ ನಕಲು ಸಂಸ್ಥೆಯ ಮೂಲಕ ಬರುತ್ತದೆ. ಸಬ್‌ಪೀನಾ ತಯಾರಿಸುವುದು, ನೋಟಿಸ್ ಕೊಡುವುದು, ಮುಟ್ಟಿಸುವುದು ಎಲ್ಲವನ್ನೂ ಇಂಥ ಸಂಸ್ಥೆಗಳೇ ಮಾಡಿಕೊಡುತ್ತವೆ. ತಾವೇ ಓಡಾಡುವುದಕ್ಕಿಂತ ಅದು ಮೇಲು.

ಏನು ಕೇಳಬೇಕು ಅನ್ನುವುದೂ ಮುಖ್ಯ. ‘ಎಲ್ಲ ದಾಖಲೆ ಕೊಡಿ’ ಅಂದರೆ ಕಂಪನಿ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಷೇರು ಕೊಟ್ಟ ಒಪ್ಪಂದಗಳು, ಕೊಟ್ಟ ತಾರೀಕು, ವೆಸ್ಟ್ ಆಗುವ ವೇಳಾಪಟ್ಟಿ, ಬಾಕಿ ಎಷ್ಟು ಅಂತ ಹೆಸರಿಟ್ಟು ಕೇಳಿ. ಯಾವ ಕೆಲಸಕ್ಕಾಗಿ ಷೇರು ಕೊಟ್ಟರು ಅಂತ ತೋರಿಸುವ ಪತ್ರವನ್ನು ಮರೆಯಬೇಡಿ. ವಿಚ್ಛೇದನದ ಅರ್ಜಿ ಹಾಕಿದ ಮೇಲೆ ವೆಸ್ಟ್ ಆಗುವ ಷೇರು ನಂದೇ ಅಂತ ಗಂಡ ವಾದಿಸಬಹುದು. ಆದರೆ ಮದುವೆ ನಡೆಯುತ್ತಿದ್ದಾಗ ಕೊಟ್ಟ ಷೇರು ಆಮೇಲೆ ವೆಸ್ಟ್ ಆದರೂ, ಅದು ಮುಂದಿನ ಕೆಲಸಕ್ಕಾಗಿ ಕೊಟ್ಟದ್ದು ಅಂತ ಸಾಬೀತು ಮಾಡುವ ಹೊಣೆ ಅದನ್ನು ಪಾಲಿನಿಂದ ಹೊರಗಿಡಲು ಬಯಸುವವರದ್ದೇ. 2018ರಲ್ಲಿ ನ್ಯೂಜೆರ್ಸಿಯ ಅಪೀಲು ಕೋರ್ಟ್ ಹಾಗೆ ಹೇಳಿದೆ.

ಇಷ್ಟಾದರೂ ಕಂಪನಿ ಕೊಡದಿದ್ದರೆ ಸ್ಯಾಂಟಾ ಕ್ಲಾರಾದ ಅದೇ ಕೋರ್ಟಿನಲ್ಲಿ ಪಿಟಿಷನ್ ಹಾಕಬೇಕು. ಆಗ ಅದಕ್ಕೆ ಅಲ್ಲಿಯ ಕೇಸ್ ನಂಬರು ಬೀಳುತ್ತದೆ. ಶುಲ್ಕ ಹೊಸ ಸಿವಿಲ್ ಕೇಸಿನಷ್ಟೇ, 400 ಡಾಲರ್ ದಾಟುತ್ತದೆ. ಇಲ್ಲಿಂದ ಮುಂದೆ ನ್ಯೂಜೆರ್ಸಿ ವಕೀಲರು ತಾವಾಗಿಯೇ ವಾದಿಸುವಂತಿಲ್ಲ. ಅಲ್ಲಿನ ವಕೀಲರು ಬೇಕು, ಅಥವಾ ಅಲ್ಲಿನ ಕೋರ್ಟಿನ ವಿಶೇಷ ಅನುಮತಿ ಬೇಕು. ಪಿಟಿಷನ್‌ಗೆ ಮೊದಲು ಕಂಪನಿಯ ವಕೀಲರ ಜೊತೆ ಮಾತಾಡಿ ಬಗೆಹರಿಸಲು ಪ್ರಾಮಾಣಿಕವಾಗಿ ಯತ್ನಿಸಿದ್ದೇವೆ ಅಂತ ಲಿಖಿತ ಹೇಳಿಕೆ ಕೊಡಬೇಕು. ಹಾಗಾಗಿ ಎಲ್ಲ ಮಾತನ್ನೂ ಇಮೇಲ್‌ನಲ್ಲೇ ಇಡಿ. ಮತ್ತು ಗಡುವು: ಕಂಪನಿ ಆಕ್ಷೇಪ ಕಳಿಸಿದ ದಿನದಿಂದ 60 ದಿನ. ‘ಮುಂದಿನ ವಾರ ಕೊಡ್ತೀವಿ’ ಅನ್ನುವ ಮಾತು ನಂಬಿ ಆ ದಿನ ದಾಟಿಸಿಕೊಂಡರೆ ಒಳ್ಳೆಯ ಕೇಸೂ ಕೈ ತಪ್ಪುತ್ತದೆ.

ಜಡ್ಜ್ ಆದೇಶ ಮಾಡಿದ ಮೇಲೂ ಕೊಡದಿದ್ದರೆ ಅದು ಕ್ಯಾಲಿಫೋರ್ನಿಯಾ ಕೋರ್ಟಿನದೇ ಆದೇಶದ ಉಲ್ಲಂಘನೆ. ನ್ಯಾಯಾಂಗ ನಿಂದನೆಯ ಕ್ರಮ ಆಗಬಹುದು. ಅಲ್ಲಿಯವರೆಗೆ ಎಳೆಯುವ ಕಂಪನಿಗಳು ಕಮ್ಮಿ. ಸ್ಥಳೀಯ ಸಬ್‌ಪೀನಾ ಸರಿಯಾಗಿ ಮುಟ್ಟಿದರೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ದಾಖಲೆ ಕೊಟ್ಟು ಕೈ ತೊಳೆದುಕೊಳ್ಳುತ್ತವೆ.

ಇದೆಲ್ಲ ನಡೆಯುವಾಗ ನ್ಯೂಜೆರ್ಸಿಯಲ್ಲಿ ಡಿಸ್ಕವರಿ, ಅಂದರೆ ದಾಖಲೆ, ಸಾಕ್ಷ್ಯ ಕಲೆಹಾಕುವ ಹಂತ, ಮುಗಿಯುವ ದಿನ ಓಡುತ್ತಲೇ ಇರುತ್ತದೆ. ಅದನ್ನು ಮುಂದಕ್ಕೆ ಹಾಕಿಸಲು ಈಗಲೇ ಅರ್ಜಿ ಕೊಡಿಸಿ. ಖರ್ಚಿನ ಚಿಂತೆ ಇದ್ದರೆ, ಗಂಡ ದಾಖಲೆ ಮುಚ್ಚಿಟ್ಟಿದ್ದರಿಂದಲೇ ಈ ಖರ್ಚು ಬಿತ್ತು, ವಕೀಲರ ಶುಲ್ಕ ಅವರಿಂದ ಕೊಡಿಸಿ ಅಂತ ನಿಮ್ಮ ಜಡ್ಜ್ ಹತ್ತಿರ ಕೇಳಬಹುದು. ಕುಟುಂಬ ಕೇಸುಗಳಲ್ಲಿ ಆ ಅಧಿಕಾರ ಅವರಿಗಿದೆ.

ಇನ್ನು ಇಂಥ ಕಾಗದ ಕೈಗೆ ಬಂದವರಿಗೆ ಒಂದು ಮಾತು. ನೀವು ಸನಿವೇಲ್‌ನಲ್ಲಿದ್ದು, ಗೆಳೆಯರ ಕೇಸಿಗೆ ಸಾಕ್ಷಿ ಹೇಳಿ ಅಂತ ನ್ಯೂಜೆರ್ಸಿಯ ಸಬ್‌ಪೀನಾ ಬಂದರೆ ಎಸೆಯಬೇಡಿ. ಅದರ ಮೇಲೆ ಕ್ಯಾಲಿಫೋರ್ನಿಯಾ ಕೋರ್ಟಿನ ಹೆಸರು ಇದೆಯಾ ನೋಡಿ. ಇದ್ದರೆ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ಕ್ರಿಮಿನಲ್ ಕೇಸಾದರೆ ನಿಯಮವೇ ಬೇರೆ: ಕೇಸು ನಡೆಯುವ ರಾಜ್ಯದ ಜಡ್ಜ್ ಪ್ರಮಾಣಪತ್ರ ಕಳಿಸಿ, ನೀವಿರುವ ರಾಜ್ಯದ ಜಡ್ಜ್ ವಿಚಾರಣೆ ಮಾಡಿ ನಿಮ್ಮನ್ನು ಬೇರೆ ರಾಜ್ಯಕ್ಕೇ ಕಳಿಸಬಹುದು. ಫೆಡರಲ್, ಅಂದರೆ ಕೇಂದ್ರದ ಕೋರ್ಟಿನ ಸಬ್‌ಪೀನಾ ದೇಶದಲ್ಲಿ ಎಲ್ಲಿ ಬೇಕಾದರೂ ಮುಟ್ಟುತ್ತದೆ. ಆದರೆ ಕೇಸಿಗೆ ಸೇರದವರನ್ನು ಮನೆ ಅಥವಾ ಕೆಲಸದ ಜಾಗದಿಂದ 100 ಮೈಲಿಗಿಂತ ಆಚೆ ಕರೆಯುವುದು ಅಪರೂಪ.

ಕೆಲವರು ಕೇಳುತ್ತಾರೆ, ಗಂಡ ಬೆಂಗಳೂರಿನ ಆಫೀಸಿಗೆ ವರ್ಗವಾದರೆ? ಸಬ್‌ಪೀನಾ ಭಾರತದಲ್ಲಿ ನಡೆಯುವುದಿಲ್ಲ. ವಿದೇಶಿ ಕೋರ್ಟಿನ ಕೋರಿಕೆಯ ಮೇಲೆ ಸಾಕ್ಷಿಯ ಹೇಳಿಕೆ ಪಡೆಯಲು ಕಮಿಷನ್ ನೇಮಿಸುವ ಅಧಿಕಾರ ಕರ್ನಾಟಕ ಹೈಕೋರ್ಟಿಗಿದೆ. ಆದರೆ ಅದು ನಿಧಾನದ ದಾರಿ. ಷೇರು ಕೊಟ್ಟದ್ದು ಅಮೆರಿಕದ ಕಂಪನಿಯಾದರೆ ಅದರ ಲೆಕ್ಕ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮೊದಲು ಸ್ಯಾಂಟಾ ಕ್ಲಾರಾದ ಸಬ್‌ಪೀನಾದಿಂದಲೇ ಕೇಳಿ.