ಅಲಸಂದೆಯ ಬೆಲೆ ನಿರ್ಧರಿಸುವ ಹುಳು

ಜಗತ್ತಿನಲ್ಲಿ ಅತಿ ಹೆಚ್ಚು ಅಲಸಂದೆ ಬೆಳೆಯುವ ದೇಶ ನೈಜೀರಿಯಾ. ನಂತರದ ಸ್ಥಾನ ನೆರೆಯ ನೈಜರ್‌ನದು. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನ ಈ ಸೀಮೆಯಲ್ಲಿ ಸಣ್ಣ ರೈತರು ಸಜ್ಜೆ, ಜೋಳಗಳ ನಡುವೆ ಅಕ್ಕಡಿಯಾಗಿ ಅಲಸಂದೆ ಬಿತ್ತುತ್ತಾರೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಗೊಬ್ಬರದ ಖರ್ಚು ಕಡಿಮೆ. ಕಾಯಿ ಬಿಡಿಸಿದ ಮೇಲೆ ಉಳಿದ ಬಳ್ಳಿಯನ್ನು ಒಣಗಿಸಿ ಕಂತೆ ಕಟ್ಟಿಟ್ಟರೆ, ಹಸಿರು ಮೇವಿಲ್ಲದ ತಿಂಗಳುಗಳಲ್ಲಿ ಅದಕ್ಕೂ ಗಿರಾಕಿಗಳಿರುತ್ತಾರೆ.

ಇಷ್ಟು ಅನುಕೂಲವಿದ್ದೂ ರೈತನ ಕೈಯಲ್ಲಿ ಹಣ ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರವನ್ನು ಹೊಲದಲ್ಲಿ ಅಲ್ಲ, ಕಾಳಿನ ಚೀಲದಲ್ಲಿ ಹುಡುಕಬೇಕು. ಕ್ಯಾಲೊಸೊಬ್ರುಕಸ್ ಎಂಬ ಪುಟ್ಟ ದುಂಬಿ ಕಾಯಿ ಹೊಲದಲ್ಲಿ ಒಣಗುತ್ತಿರುವಾಗಲೇ ಮೊಟ್ಟೆಯಿಡತೊಡಗುತ್ತದೆ. ಮರಿಹುಳು ಕಾಳಿನೊಳಗೇ ತಿಂದು ಬೆಳೆದು, ಸುಮಾರು ಒಂದು ತಿಂಗಳಲ್ಲಿ ದುಂಡನೆಯ ತೂತು ಮಾಡಿಕೊಂಡು ದುಂಬಿಯಾಗಿ ಹೊರಬಂದು, ಅಕ್ಕಪಕ್ಕದ ಕಾಳುಗಳ ಮೇಲೆ ಹತ್ತಾರು ಮೊಟ್ಟೆಗಳನ್ನಿಡುತ್ತದೆ. ನಮ್ಮ ಮನೆಗಳಲ್ಲಿ ಕಾಳಿಗೆ ಹರಳೆಣ್ಣೆ ಸವರುವುದು, ಬೂದಿ ಬೆರೆಸುವುದು ಇಂಥ ಹುಳುಗಳ ಕಾಟಕ್ಕಾಗಿಯೇ. ತೂತು ಬಿದ್ದ ಕಾಳಿಗೆ ಸಂತೆಯಲ್ಲಿ ಬೆಲೆಯಿಲ್ಲದ ಕಾರಣ ಬಹಳಷ್ಟು ರೈತರು ಕೊಯ್ಲಾದ ಕೂಡಲೇ, ಅಂದರೆ ಬೆಲೆ ತೀರ ಕುಸಿದಿರುವ ಹೊತ್ತಿನಲ್ಲೇ, ಮಾರಿಬಿಡುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಊಟಕ್ಕಾಗಿ ಅದೇ ಕಾಳನ್ನು ದುಬಾರಿಗೆ ಕೊಳ್ಳುವವರೂ ಅವರಲ್ಲಿದ್ದಾರೆ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಲ್ಯಾರಿ ಮರ್ಡಾಕ್ ಮತ್ತು ಕ್ಯಾಮರೂನಿನ ಸಂಶೋಧಕರು ಇದಕ್ಕೊಂದು ಸರಳ ಉಪಾಯ ರೂಪಿಸಿದರು: ಒಂದರೊಳಗೊಂದು ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಅವುಗಳ ಹೊರಗೆ ನೇಯ್ದ ಗಟ್ಟಿ ಚೀಲ. ಬಾಯಿಗಳನ್ನು ಬಿಗಿದು ಕಟ್ಟಿದರೆ ಒಳಗಿನ ಆಮ್ಲಜನಕವನ್ನು ಹುಳುಗಳೇ ಬಳಸಿ ಮುಗಿಸುತ್ತವೆ. ಆಮೇಲೆ ಅವು ಉಸಿರುಗಟ್ಟಿ ಸಾಯುತ್ತವೆ ಎಂದು ನಮಗೆ ತೋರುವುದು ಸಹಜ. ಮರ್ಡಾಕ್ ತಂಡ 2012ರಲ್ಲಿ ಕೊಟ್ಟ ವಿವರಣೆ ಬೇರೆ. ಒಣ ಕಾಳಿನಲ್ಲಿ ಬದುಕುವ ಈ ಹುಳುವಿಗೆ ಬೇಕಾದ ನೀರು, ತಿಂದ ಆಹಾರ ಆಮ್ಲಜನಕದೊಡನೆ ದೇಹದಲ್ಲಿ ದಹನವಾಗುವಾಗ ಹುಟ್ಟುತ್ತದೆ. ಆಮ್ಲಜನಕ ತಪ್ಪಿದರೆ ಆ ನೀರೂ ತಪ್ಪಿ, ಹುಳು ಒಣಗಿ ಸಾಯುತ್ತದೆ. ಕೀಟನಾಶಕದ ಒಂದು ಹನಿಯೂ ಬೇಕಿಲ್ಲ.

ಆದರೆ ಚೀಲ ಕಾಳನ್ನು ಕಾಯಬಲ್ಲದೇ ಹೊರತು, ಕೊಯ್ಲಿನ ಹೊತ್ತಿಗೆ ಸಾಲ ವಸೂಲಿಗೆ ಬಂದು ನಿಲ್ಲುವವನನ್ನು ತಡೆಯಲಾರದು. ಅದಕ್ಕಾಗಿ, ನೈಜರ್‌ನಲ್ಲಿ ‘ವಾರಂಟಾಜ್’ ಎಂದು ಕರೆಯುವ ಅಡಮಾನ ಸಾಲದ ಪದ್ಧತಿ ಚೀಲದಷ್ಟೇ ಮುಖ್ಯವೆಂದು ನಾನು ಭಾವಿಸುತ್ತೇನೆ; ಕೇಂದ್ರದ ಬೆಂಬಲ ಬೆಲೆಯ ಪಟ್ಟಿಯಲ್ಲಿ ಅಲಸಂದೆಯೇ ಇಲ್ಲದ ನಮ್ಮಲ್ಲಿಯೂ ಅದನ್ನು ಗಂಭೀರವಾಗಿ ಪರಿಶೀಲಿಸಬೇಕು. ಕೊಯ್ಲಿನಲ್ಲಿ ರೈತರು ಕಾಳನ್ನು ಊರಿನ ಉಗ್ರಾಣದಲ್ಲಿಟ್ಟು, ಅದರ ಆಧಾರದ ಮೇಲೆ ಸಾಲ ಪಡೆದು, ಆ ಹಣದಲ್ಲಿ ಕುರಿ ಕೊಬ್ಬಿಸುತ್ತಾರೆ ಅಥವಾ ತರಕಾರಿ ಬೆಳೆಯುತ್ತಾರೆ. ಉಗ್ರಾಣದ ಬಾಗಿಲಿಗೆ ಎರಡು ಬೀಗ: ಒಂದರ ಕೀಲಿಕೈ ರೈತರ ಸಂಘದ ಬಳಿ, ಇನ್ನೊಂದರದು ಸಾಲ ಕೊಟ್ಟವರ ಬಳಿ. ಬೆಲೆ ಏರಿದ ಮೇಲೆ ಇಬ್ಬರೂ ಬಂದು ಬೀಗ ತೆಗೆಯುತ್ತಾರೆ.