ಲ್ಯಾಪ್‌ಟಾಪ್ ಶುರುವಾಗ್ತಿಲ್ಲ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಪ್ರಶ್ನೆ: ಸರ್, ವಿಂಡೋಸ್ ಅಪ್‌ಡೇಟ್ ಆಗ್ತಿರುವಾಗಲೇ ಚಾರ್ಜ್ ಮುಗಿದು ಲ್ಯಾಪ್‌ಟಾಪ್ ಆಫ್ ಆಯ್ತು. ಈಗ ಲೋಗೋ ಬರುತ್ತೆ, ಚುಕ್ಕಿಗಳು ಸುತ್ತುತ್ತವೆ, ಮತ್ತೆ ಮೊದಲಿಂದ ಅದೇ ಕತೆ. ಎಸ್‌ಪಿ ರೋಡ್‌ನಲ್ಲಿ ತೋರಿಸಿದೆ, ಫಾರ್ಮ್ಯಾಟ್ ಮಾಡ್ಬೇಕು ಅಂದ್ರು. ಮಗಳ ಫೋಟೋ ಎಲ್ಲಾ ಅದರಲ್ಲೇ ಇವೆ. ಬೇರೆ ದಾರಿ ಇಲ್ವಾ?

ಇದೆ. ಚುಕ್ಕಿ ಸುತ್ತುವ ತನಕ ಬರುತ್ತಿದೆ ಅಂದರೆ ಕೆಟ್ಟಿರುವುದು ಹೆಚ್ಚಾಗಿ ವಿಂಡೋಸ್‌ನ ಫೈಲ್‌ಗಳು, ಫೋಟೋಗಳು ಇದ್ದಲ್ಲೇ ಇರುತ್ತವೆ. ಹೊಸದಾಗಿ ವಿಂಡೋಸ್ ಹಾಕುವ ಪೆನ್‌ಡ್ರೈವ್ ಇದೆಯಲ್ಲ, ರಿಪೇರಿಗೂ ಅದೇ ಸಾಕು.

ಪಕ್ಕದ ಮನೆಯವರದ್ದೋ ಆಫೀಸಿನದ್ದೋ ಒಂದು ಕಂಪ್ಯೂಟರ್ ಕೇಳಿಕೊಂಡು, ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ, ಅದನ್ನು ಓಡಿಸಿ ಆ ಪೆನ್‌ಡ್ರೈವ್ ತಯಾರಿಸಿಕೊಳ್ಳಿ. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು, ಅದರಲ್ಲಿ ಇದ್ದದ್ದೆಲ್ಲ ಅಳಿಸಿ ಹೋಗುತ್ತದೆ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ಗೆ ಚಾರ್ಜರ್ ಸಿಕ್ಕಿಸಿ (ಈ ಸಲನಾದ್ರೂ!), ಪೆನ್‌ಡ್ರೈವ್ ಹಾಕಿ, ಪವರ್ ಒತ್ತಿದ ಕೂಡಲೇ ಡೆಲ್, ಲೆನೊವೊ ಆದರೆ ಎಫ್12, ಎಚ್‌ಪಿ ಆದರೆ ಎಫ್9 ಕೀಯನ್ನು ಟಕಟಕ ಒತ್ತುತ್ತಾ ಇರಿ. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಈಗ ಹುಷಾರು. ಭಾಷೆ ಕೇಳುವ ಪರದೆ ದಾಟಿದ ಮೇಲೆ 'ಇನ್‌ಸ್ಟಾಲ್' ಅನ್ನುವುದು ಎದ್ದು ಕಾಣುತ್ತದೆ. ಅದನ್ನು ಮುಟ್ಟಬೇಡಿ. 'ರಿಪೇರ್' ಅನ್ನುವುದು ಹಳೆಯ ಆವೃತ್ತಿಗಳಲ್ಲಿ ಕೆಳಗೆ ಎಡಮೂಲೆಯಲ್ಲಿ ಸಣ್ಣಗೆ ಇರುತ್ತದೆ, ಹೊಸದರಲ್ಲಿ ಇನ್‌ಸ್ಟಾಲ್ ಜೊತೆಯಲ್ಲೇ ಇರುತ್ತದೆ. ಅಲ್ಲಿಂದ ಟ್ರಬಲ್‌ಶೂಟ್‌ಗೆ ಹೋಗಿ.

ಎಲ್ಲರೂ ಅಲ್ಲಿರುವ ಸ್ಟಾರ್ಟಪ್ ರಿಪೇರ್ ಅನ್ನೇ ನೇರ ಒತ್ತಿ ಅನ್ನುತ್ತಾರೆ. ನಾನಾಗಿದ್ದರೆ ಮೊದಲು ಫೋಟೋ ತೆಗೆದುಕೊಳ್ಳುತ್ತೇನೆ. ಅದೇ ಪಟ್ಟಿಯಲ್ಲಿರುವ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿದರೆ ನಿಮ್ಮ ಡ್ರೈವ್‌ಗಳೆಲ್ಲ ಕಾಣುತ್ತವೆ. ಕೆಳಗೆ 'ಆಲ್ ಫೈಲ್ಸ್' ಅಂತ ಬದಲಿಸಿಕೊಳ್ಳಿ, ಇಲ್ಲದಿದ್ದರೆ ಫೋಟೋ ಕಾಣದೆ ಎದೆ ಧಸಕ್ ಅನ್ನುತ್ತದೆ. ಸಿ ಡ್ರೈವ್ ಇಲ್ಲಿ ಡಿ ಅಂತ ಕಂಡರೂ ಗಾಬರಿ ಬೇಡ. ಯೂಸರ್ಸ್ ಫೋಲ್ಡರ್ ಒಳಗೆ ನಿಮ್ಮ ಹೆಸರು ಹುಡುಕಿ, ಫೋಟೋಗಳ ಫೋಲ್ಡರ್ ಕಾಪಿ ಮಾಡಿ, ಇನ್ನೊಂದು ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಿ. ಎಷ್ಟಾಯಿತು ಅಂತ ಅದು ತೋರಿಸುವುದಿಲ್ಲ, ಪರದೆ ಸುಮ್ನೆ ನಿಂತುಬಿಟ್ಟ ಹಾಗಿರುತ್ತದೆ. ಹೋಗಿ ಒಂದು ಕಾಫಿ ಮಾಡಿಕೊಂಡು ಬನ್ನಿ.

ಮಧ್ಯೆ ಬಿಟ್‌ಲಾಕರ್ (ಡ್ರೈವ್‌ಗೆ ವಿಂಡೋಸ್ ಹಾಕುವ ಬೀಗ) 48 ಅಂಕಿಗಳ ಕೀ ಕೇಳಬಹುದು. ಮೈಕ್ರೋಸಾಫ್ಟ್ ಖಾತೆ ಹಾಕಿ ಲ್ಯಾಪ್‌ಟಾಪ್ ಬಳಸುತ್ತಿದ್ದರೆ, ಫೋನಿನಿಂದ ಅದೇ ಖಾತೆಗೆ ಲಾಗಿನ್ ಆಗಿ ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಫೋಟೋ ಕೈಗೆ ಬಂದ ಮೇಲೆ ಸ್ಟಾರ್ಟಪ್ ರಿಪೇರ್ ಓಡಿಸಿ. ಆಗಲಿಲ್ಲ ಅಂದರೆ, ನಿಮ್ಮದು ಅಪ್‌ಡೇಟ್ ಮಧ್ಯೆ ನಿಂತದ್ದಲ್ವಾ, 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್' ಪ್ರಯತ್ನಿಸಿ. ಅದೂ ಸೋತರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರ್, ಅದೂ ಹಳೆಯ ರಿಸ್ಟೋರ್ ಪಾಯಿಂಟ್ (ಮೊದಲೇ ಉಳಿಸಿಟ್ಟ ಸ್ಥಿತಿ) ಇದ್ದರೆ ಮಾತ್ರ.

ನೋಟ್‌ಪ್ಯಾಡ್‌ನಲ್ಲಿ ಓಪನ್ ಒತ್ತಿದಾಗ ಡ್ರೈವ್ ಕಾಣಲೇ ಇಲ್ಲ, ಅಥವಾ ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡುತ್ತಿದೆ ಅಂದರೆ ಅಲ್ಲಿಗೇ ನಿಲ್ಲಿಸಿ, ಆಫ್ ಮಾಡಿಬಿಡಿ. ಮತ್ತೆ ಎಸ್‌ಪಿ ರೋಡ್‌ಗೇ ಹೋಗಿ, ಆದರೆ ಈ ಸಲ 'ಸರಿ ಮಾಡಿಕೊಡಿ' ಅನ್ನಬೇಡಿ, 'ಡೇಟಾ ತೆಗೆದುಕೊಡಿ, ಎಷ್ಟಾಗುತ್ತೆ?' ಅಂತ ಕೇಳಿ.